ವಾಟವಿಲ್ಲದ ಕಲ್ಲು

ಬಾಗಲಕೋಟೆ ಸ್ಟೇಷನ್ನಿನ ಗೂಡ್ಸ್ ಶೆಡ್ಡಿನಲ್ಲಿ ನಮ್ಮ ಕಲ್ಲಿನ ಪೆಟ್ಟಿಗೆಗಳು ಆರು ಇದ್ದವು. ಐದು ನಿಂತಿದ್ದವು, ಒಂದು ಮಲಗಿತ್ತು. ಮಲಗಿದ್ದನ್ನು ಕಂಡದ್ದೇ ಅದರ ಕಡೆ ಓಡಿದೆ. ಅದರ ಮೇಲೆ ಇಬ್ಬರು ಹಮಾಲರು ಆರಾಮಾಗಿ ಕೂತು ಎಲೆ ಅಡಿಕೆ ಮೆಲ್ಲುತ್ತಿದ್ದರು.

"ಏಳ್ರಿ, ಮೊದಲ ಅದರ ಮ್ಯಾಲಿಂದ ಏಳ್ರಿ! ಇದನ್ನ ಯಾರು ಮಲಗಿಸಿದವರು?"

"ನಾವs ಮಲಗಿಸಿದಿವ್ರಿ. ನಿಂತದ್ದು ಬಿದ್ದ ಗಿದ್ದೀತು ಅಂತ," ಎಂದ ಒಬ್ಬ, ಉಪಕಾರ ಮಾಡಿದವನ ಗತ್ತಿನಲ್ಲಿ. "ಭಾಳ ಭಾರ ಐತ್ರಿ. ಒಳಗೇನ ಕಲ್ಲು ತುಂಬ್ಯಾರೇನು?"

ಕಲ್ಲನ್ನೇ ತುಂಬಿದ್ದರು. ಬಿಲಿಯರ್ಡ್ಸ್ ಆಗಲಿ, ಅದರ ತಮ್ಮನಂತಿರುವ ಪೂಲ್ ಆಗಲಿ, ಮೇಜಿನ ಬಟ್ಟೆಯ ಕೆಳಗೆ ಇರುವುದು ಹಲಗೆಯಲ್ಲ, ಒಂದಿಂಚು ದಪ್ಪದ ಸ್ಲೇಟ್ ಕಲ್ಲು. ಪೂಲ್ ಮೇಜಿಗೆ ಮೂರು ತುಂಡು. ಪ್ರಯಾಣದಲ್ಲಿ ಅವು ಕಿಟಕಿಯ ಗಾಜಿನ ಹಾಗೆ ನಿಂತೇ ಬರಬೇಕು. ಮಲಗಿಸಿ ಮೇಲೆ ಭಾರ ಹಾಕಿದರೆ ಮುಗಿಯಿತು. ಮುಂಬಯಿಯಿಂದ ಸೊಲ್ಲಾಪುರದವರೆಗೆ ದೊಡ್ಡ ಹಳಿಯ ಗಾಡಿಯಲ್ಲಿ ಬಂದು, ಅಲ್ಲಿ ಸಣ್ಣ ಹಳಿಯ ಗಾಡಿಗೆ ಬದಲಾಗಿ, ಇಷ್ಟು ದೂರ ನಿಂತು ಬಂದ ಪೆಟ್ಟಿಗೆ ನಮ್ಮೂರಿನ ಪ್ರೀತಿಗೆ ಸಿಕ್ಕು ಮಲಗಿತ್ತು.

ನಾನು ಈ ಮೇಜುಗಳನ್ನು ಜೋಡಿಸುವ ಫಿಟ್ಟರ್. ಇದು ಎಂಬತ್ತರ ದಶಕದ ನಡುವಿನ ಮಾತು. ಇಳಕಲ್ಲಿನ ಕೆಂಪು ಗ್ರಾನೈಟನ್ನು ಹಡಗು ಹತ್ತಿಸುತ್ತಿದ್ದ ಸಾಹುಕಾರರೊಬ್ಬರು ಹೊರದೇಶಗಳಿಗೆ ಹೋಗಿ ಬಂದು ಪೂಲ್ ಆಟದ ಹುಚ್ಚು ಹಿಡಿಸಿಕೊಂಡಿದ್ದರು. ಹಲವು ದೇಶಗಳ ವೃತ್ತಿ ಆಟಗಾರರ ಚಾಂಪಿಯನ್‌ಷಿಪ್ ಒಂದು ಆ ವರ್ಷ ಮುಂಬಯಿಗೆ ಬರುವುದಿತ್ತು. ಸಾಹುಕಾರರು ಯಾರ ಯಾರ ಬೆನ್ನು ಹತ್ತಿದರೋ, ಕೊನೆಯ ಎಂಟು ಮಂದಿಯ ಆಟವನ್ನು ಇಳಕಲ್ಲಿಗೆ ತಂದೇಬಿಟ್ಟರು. ಆಟಗಾರರು ಉಳಿಯುವುದು ಬದಾಮಿಯಲ್ಲಿ, ಆಡುವುದು ಇಳಕಲ್ಲಿನ ಗ್ರಾನೈಟ್ ಕಾರ್ಖಾನೆಯ ದೊಡ್ಡ ಹಾಲಿನಲ್ಲಿ. ಟೂರ್ನಿ ನಡೆಸುವವರ ಷರತ್ತು ಒಂದೇ. ಎರಡು ಮೇಜು ಬೇಕು, ಆಟದ ಹಿಂದಿನ ಸಂಜೆ ಟೂರ್ನಿಯ ನಿರ್ದೇಶಕ ಬಂದು ಎರಡನ್ನೂ ಪರೀಕ್ಷಿಸುತ್ತಾನೆ, ಒಂದು ಫೇಲಾದರೂ ಇಡೀ ಆಟ ಗೋವಾದ ಹೋಟೆಲಿಗೆ ಹೋಗುತ್ತದೆ. ಅಲ್ಲಿ ಮೇಜುಗಳು ಹಾಕಿ ಸಿದ್ಧ ಇದ್ದವು.

ನನಗೆ ಬೇಕಾದದ್ದೂ ಒಂದೇ. ಮುಂಬಯಿಯಲ್ಲಿ ಇಂಥ ಮೇಜುಗಳನ್ನು ನಾನು ಎಷ್ಟೋ ನಿಲ್ಲಿಸಿದ್ದೆ, ಆದರೆ ಪ್ರತಿ ಸಲ ಮೇಲೆ ಇನ್ನೊಬ್ಬ ದೊಡ್ಡ ಫಿಟ್ಟರ್ ಇರುತ್ತಿದ್ದ, ಹೆಸರು ಅವನದಾಗುತ್ತಿತ್ತು. ನಮ್ಮ ಸೀಮೆಯಲ್ಲಿ, ನಾನೊಬ್ಬನೇ ನಿಲ್ಲಿಸಿದ ಮೇಜಿನ ಮೇಲೆ ಜಗತ್ತಿನ ಆಟಗಾರರು ಆಡಬೇಕು. ಈ ಆಸೆಗೆ ನಿದ್ದೆಗೆಟ್ಟಿದ್ದೆ.

ಲಾರಿಯಲ್ಲಿ ಚಾಲಕನ ಪಕ್ಕ ಜಾಗ ಇದ್ದರೂ ಹಿಂದೆ ಪೆಟ್ಟಿಗೆ ಹಿಡಿದು ನಿಂತೇ ಹೋದೆ. ಅಮೀನಗಡದಲ್ಲಿ ಚಾಲಕ ಗಾಡಿ ನಿಲ್ಲಿಸಿ ಮನೆಗೆ ಕರದಂಟು ಕಟ್ಟಿಸಿಕೊಂಡ, ನನಗೂ ಒಂದು ತುಂಡು ಕೊಟ್ಟ. ಅದನ್ನು ಹುನಗುಂದ ದಾಟುವವರೆಗೂ ಕೈಯಲ್ಲೇ ಹಿಡಿದಿದ್ದೆ, ಬೆಲ್ಲ ಕರಗಿ ಬೆರಳೆಲ್ಲ ಅಂಟಾಯಿತು.

ಇಳಕಲ್ಲಿನಲ್ಲಿ ಪೆಟ್ಟಿಗೆಗಳನ್ನು ಬಿಚ್ಚಿದೆವು. ಮಲಗಿದ್ದನ್ನು ಕೊನೆಗೆ ಬಿಚ್ಚಿದೆ, ತಡಮಾಡಿದರೆ ಏನೋ ಸರಿಹೋಗುತ್ತದೆಂಬಂತೆ. ಒಳಗಿದ್ದ ಸ್ಲೇಟ್ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಸೀಳಿತ್ತು. ಎರಡನೆಯ ಮೇಜಿನ ತುದಿಯ ತುಂಡು ಅದು. ತುದಿಯ ತುಂಡಿನ ಎರಡು ಮೂಲೆಗಳಲ್ಲಿ ಚೆಂಡು ಬೀಳುವ ಕಿಂಡಿಗಳಿಗಾಗಿ ಕಲ್ಲನ್ನು ಕೊರೆದಿರುತ್ತಾರೆ. ಬಿರುಕು ಆ ಕಿಂಡಿಯಿಂದಲೇ ಶುರುವಾಗಿತ್ತು.

ಮುಂಬಯಿಗೆ ಫೋನ್ ಹಚ್ಚಿದೆವು. ಕಾಲ್ ಸಿಕ್ಕಿದ್ದು ಸಂಜೆಗೆ. ಅಲ್ಲಿ ಅಂಥ ತುಂಡು ಇರಲಿಲ್ಲ, ಹಡಗಿನಲ್ಲಿ ಬರಬೇಕು, ಬರುವಷ್ಟರಲ್ಲಿ ಆಟಗಾರರು ತಂತಮ್ಮ ದೇಶ ಸೇರಿರುತ್ತಾರೆ. ನಾನು ಹಾಲಿನ ಉದ್ದಕ್ಕೂ ಓಡಾಡುತ್ತಿದ್ದೆ. ಸಾಹುಕಾರರು ಕುರ್ಚಿಯಲ್ಲಿ ಕೂತು ನನ್ನನ್ನೇ ನೋಡುತ್ತಿದ್ದರು.

"ಏನಪಾ ಫಿಟ್ಟರ್, ಕಲ್ಲಿನ ಊರಾಗ ನಿಂತು ಒಂದ ಕಲ್ಲಿಗೆ ಅಳ್ತೀಯೇನು? ನಮ್ಮ ಗ್ರಾನೈಟಿಗೆ ಏನಾಗೇತಿ?"

"ಸಾಹುಕಾರ್ರ, ಅದು ಸ್ಲೇಟ ಇರಬೇಕ್ರಿ."

"ಯಾಕ?"

ಯಾಕೆ ಎಂದರೆ ಎಲ್ಲರೂ ಸ್ಲೇಟನ್ನೇ ಹಾಕುತ್ತಾರೆ ಎನ್ನುವುದು ಬಿಟ್ಟು ನನಗೆ ಬೇರೆ ಉತ್ತರ ಹೊಳೆಯಲಿಲ್ಲ. ಗ್ರಾನೈಟ್ ಅದಕ್ಕಿಂತ ಗಟ್ಟಿ. ತೂಕ ತುಸು ಹೆಚ್ಚಾದೀತು, ಕಟ್ಟಿಗೆಯ ಚೌಕಟ್ಟು ತಡೆಯುವಂಥದ್ದೇ. ಕೊರೆಯುವುದು ಕಷ್ಟ, ಆದರೆ ಕೊರೆಯುವವರ ನಡುವೆಯೇ ನಿಂತಿದ್ದೇನೆ. ಆಗಲಿ ಎಂದೆ. ಹೇಳಿದ ಮೇಲೆ ಇನ್ನೂ ಜೋರಾಗಿ ಓಡಾಡಲು ಶುರುಮಾಡಿದೆ.

ಕಲ್ಲಿನ ಕೆಲಸ ಕಾರ್ಖಾನೆಯ ಹಿರಿಯ ಮಿಸ್ತ್ರಿಗೆ ಬಿತ್ತು. ಅರವತ್ತರ ಹತ್ತಿರದ ಮನುಷ್ಯ, ತಲೆಗೆ ರುಮಾಲು, ಮೀಸೆಯಲ್ಲಿ ಸದಾ ಕಲ್ಲಿನ ಪುಡಿ. ಆ ಊರಿನ ಅರ್ಧ ಮನೆಗಳ ಅಂಗಳ, ಬಚ್ಚಲು, ಗುಡಿಯ ಪೌಳಿ ಎಲ್ಲ ಅವರ ಕೈಯಲ್ಲೇ ಆದದ್ದು. ನನ್ನನ್ನು ಅವರು ಮಾಸ್ತರ ಎಂದು ಕರೆಯುತ್ತಿದ್ದರು. ಏನನ್ನು ಕಲಿಸಿದ್ದಕ್ಕೆ ಎಂದು ನಾನೂ ಕೇಳಲಿಲ್ಲ.

ಅವರ ಪರಿಚಯವಾದದ್ದೇ ಒಂದು ಜಗಳದಿಂದ. ಒಡೆಯದ ಮೊದಲನೆಯ ಮೇಜನ್ನು ನಿಲ್ಲಿಸುತ್ತಿದ್ದೆ. ಎಷ್ಟು ಹೆಣಗಿದರೂ ಮಟ್ಟ ನೋಡುವ ರಸಮಟ್ಟದ ಗುಳ್ಳೆ ಈಶಾನ್ಯದ ಕಾಲಿನ ಕಡೆ ತಪ್ಪು ತೋರಿಸುತ್ತಿತ್ತು. ಕಾಲಿನ ಕೆಳಗೆ ಒಂದು ಬೆಣೆ, ಎರಡು ಬೆಣೆ, ಇನ್ನೂ ಸಾಲದು. ನೆಲ ನೋಡಿದರೆ ಕನ್ನಡಿ. "ಈ ನೆಲಾನ ಸೊಟ್ಟ ಐತಿ," ಎಂದು ನಾನು ಸಿಟ್ಟಿನಲ್ಲಿ ಒದರಿದೆ. ಹಿಂದಿನಿಂದ ಮಿಸ್ತ್ರಿಯ ದನಿ ಬಂತು.

"ಸೊಟ್ಟ ಅಲ್ರಿ ಮಾಸ್ತರ, ವಾಟ. ಒಂದ ಕೊಡ ನೀರ ಸುರುವ್ರಿ ಬೇಕಾದ್ರ, ಒಂದ ಹನಿ ಇಲ್ಲಿ ನಿಲ್ಲಂಗಿಲ್ಲ. ಎಲ್ಲಾ ಆ ಬಾಗಲದಿಂದ ಹೊರಗ."

ವಾಟ ಅಂದರೆ ನೀರು ಹರಿದುಹೋಗಲೆಂದು ನೆಲಕ್ಕೆ ಕೊಡುವ ಸಣ್ಣ ಇಳಿಜಾರು. ಕಣ್ಣಿಗೆ ಕಾಣುವಷ್ಟು ಇರಬಾರದು, ನೀರಿಗೆ ಗೊತ್ತಾದರೆ ಸಾಕು. ಅದೂ ಈಶಾನ್ಯಕ್ಕೇ ಇರಬೇಕು. ನಮ್ಮ ಕಡೆ ವಾಟ ಕೊಡಲು ಬಾರದ ಮಿಸ್ತ್ರಿಗೆ ಯಾರೂ ಬಚ್ಚಲಿನ ಕೆಲಸವನ್ನೂ ಕೊಡುವುದಿಲ್ಲ. ನನಗೇ ನಗು ಬಂದು, ಇನ್ನೊಂದು ಬೆಣೆ ತುರುಕಿ, ಅದರ ಮೇಲೆ ಇಸ್ಪೀಟಿನ ಎಲೆಗಳನ್ನು ಒಂದೊಂದಾಗಿ ಸೇರಿಸಿ ಮೇಜನ್ನು ಮಟ್ಟಕ್ಕೆ ತಂದೆ. ನಮ್ಮ ಕೆಲಸದಲ್ಲಿ ಕೊನೆಯ ಕೂದಲೆಳೆಯ ಅಂತರ ತುಂಬುವುದು ಇಸ್ಪೀಟಿನ ಎಲೆಯೇ. ಸಾಹುಕಾರರ ತಾಯಿ ಅಲ್ಲಿಗೆ ಬಂದಾಗ ಅದನ್ನು ಕಂಡು, ಇವರು ಇಲ್ಲಿ ಜೂಜು ಆಡುತ್ತಾರೆ ಎಂದು ಮನೆಯಲ್ಲಿ ಹೇಳಿದರಂತೆ.

ಮಿಸ್ತ್ರಿಗೆ ಒಡೆದ ಸ್ಲೇಟಿನ ಎರಡು ಚೂರುಗಳನ್ನು ಜೋಡಿಸಿ, ರಟ್ಟಿನ ಮೇಲೆ ಅಚ್ಚು ತೆಗೆದುಕೊಟ್ಟೆ. ಕಿಂಡಿಗಳ ಬಾಗು, ಬೋಲ್ಟಿನ ತೂತುಗಳು, ಸ್ಕ್ರೂ ತಲೆ ಕೂರಲು ಬೇಕಾದ ತಗ್ಗುಗಳು ಎಲ್ಲವನ್ನೂ ಗುರುತು ಮಾಡಿದೆ. "ಒಂದಿಂಚು ದಪ್ಪ. ಮ್ಯಾಲಿನ ಮಾರಿ ಪೂರಾ ಮಟ್ಟಸ ಇರಬೇಕ್ರಿ," ಎಂದೆ. "ನೋಡ್ರಿ ಹೆಂಗ ಮಾಡ್ತೇನಿ," ಎಂದರು. ಕಾರ್ಖಾನೆಯ ಗರಗಸ ದಿಮ್ಮಿಯಿಂದ ಹಲಗೆಯನ್ನು ಕೊಯ್ಯುವವರೆಗೆ ನಾನು ಪಕ್ಕದಲ್ಲೇ ಇದ್ದೆ. ನೀರು, ಕೆಂಪು ರಾಡಿ, ಕಿವಿ ಕಿತ್ತುಹೋಗುವ ಸದ್ದು.

ಅಷ್ಟರಲ್ಲಿ ಬದಾಮಿಯಿಂದ ಕರೆ ಬಂತು. ನಿರ್ದೇಶಕ ಬಂದಿಳಿದಿದ್ದಾನೆ, ದೀಪಗಳ ಎತ್ತರದ ಬಗ್ಗೆ ಫಿಟ್ಟರ್ ಜೊತೆ ಮಾತಾಡಬೇಕಂತೆ. ಮನಸ್ಸಿಲ್ಲದ ಮನಸ್ಸಿನಿಂದ ಹೋದೆ. ಆತ ಇಂಗ್ಲೆಂಡಿನವನು, ಬಿಳಿ ಗಡ್ಡ, ಮೆಲುಮಾತು. ಬದಾಮಿಯ ಕೆಂಪು ಗುಡ್ಡ ಎದುರಿಗಿದ್ದರೂ ಅದಕ್ಕೆ ಬೆನ್ನು ಹಾಕಿ ಕೂತು ದೀಪದ ನಕ್ಷೆ ಬಿಡಿಸುತ್ತಿದ್ದ. ಕಲ್ಲಿನ ವಿಷಯ ನಾನಾಗಿ ಎತ್ತಲಿಲ್ಲ, ಸಿದ್ಧವಾದ ಮೇಲೆ ಹೇಳೋಣವೆಂದು. ಹಿಂದಿರುಗುವಾಗ ಬಸ್ಸು ಗುಳೇದಗುಡ್ಡದ ಹತ್ತಿರ ಟಯರ್ ಪಂಕ್ಚರಾಗಿ ನಿಂತಿತು. ಉಳಿದವರು ಬೇವಿನ ನೆರಳಿಗೆ ಕೂತರೆ, ನಾನು ಚಾಲಕನ ತಲೆಯ ಮೇಲೆ ನಿಂತು ಬೇಗ ಬೇಗ ಎನ್ನುತ್ತಿದ್ದೆ. ಕೊನೆಗೆ ಅವನು ಬೋಲ್ಟು ಬಿಚ್ಚುವ ಪಾನಾವನ್ನು ನನ್ನ ಕೈಗೇ ಕೊಟ್ಟು, "ನೀವs ಬಿಚ್ಚರಿ ಹಂಗಾದ್ರ," ಎಂದ. ಬಿಚ್ಚಿದೆ.

ನಾನು ಇಳಕಲ್ ಮುಟ್ಟಿದಾಗ ಕಲ್ಲು ಸಿದ್ಧವಾಗಿತ್ತು. ಮಿಸ್ತ್ರಿ ಅದನ್ನು ಎತ್ತಿಸಿ ಚೌಕಟ್ಟಿನ ಮೇಲೆ ಕೂಡಿಸಿಯೂ ಆಗಿತ್ತು. ಕೆಂಪು ಕಲ್ಲು ಉಳಿದೆರಡು ಕಪ್ಪು ಸ್ಲೇಟುಗಳ ಪಕ್ಕದಲ್ಲಿ ಥಳಥಳ ಹೊಳೆಯುತ್ತಿತ್ತು. ಬಗ್ಗಿದರೆ ನನ್ನ ಮುಖ, ಮೇಲಿನ ದೀಪ, ಹಿಂದೆ ನಿಂತ ಮಿಸ್ತ್ರಿಯ ರುಮಾಲು ಎಲ್ಲ ಅದರಲ್ಲಿ. ನನಗೆ ಅವರನ್ನು ತಬ್ಬಿಕೊಳ್ಳಬೇಕೆನಿಸಿತು. ರಸಮಟ್ಟವನ್ನು ಕಲ್ಲಿನ ನಡುವೆ ಉದ್ದಕ್ಕೆ ಇಟ್ಟೆ, ಅಡ್ಡಕ್ಕೆ ಇಟ್ಟೆ. ಗುಳ್ಳೆ ಮಿಸುಕಲಿಲ್ಲ. ಕಲ್ಲುಗಳ ಸಂದಿಗೆ ಜೇನುಮೇಣ ಕರಗಿಸಿ ಹೊಯ್ದು, ಆರಿದ ಮೇಲೆ ಕೆರೆದು ಸಾಪು ಮಾಡಿದೆ. ಬಟ್ಟೆ ಎಳೆದು ಬಿಗಿದು, ಕಿಂಡಿಗಳ ಒಳಗೆ ಅಂಟು ಹಚ್ಚಿ ಮಡಿಚಿದೆ. ರಬ್ಬರಿನ ದಡಗಳನ್ನು ಬೋಲ್ಟ್ ಹಾಕಿ ಕೂಡಿಸಿದೆ.

ಮರುದಿನ ಬೆಳಿಗ್ಗೆ ಸಾಹುಕಾರರ ಮನೆಯವರು ಮೇಜಿಗೆ ಪೂಜೆ ಮಾಡಲು ಬಂದರು. ಆ ಸಂಜೆಯೇ ನಿರ್ದೇಶಕ ಪರೀಕ್ಷೆಗೆ ಬರುವುದಿತ್ತು. ಅರಿಸಿನ, ಕುಂಕುಮ, ತೆಂಗಿನಕಾಯಿ, ಎಣ್ಣೆಯ ದೀಪ! ನಾನು ಹೊಸ ಬಟ್ಟೆಯ ಮುಂದೆ ಕೈ ಚಾಚಿ ನಿಂತುಬಿಟ್ಟೆ. ಕಾಲಿಗೆ ಹಚ್ಚಿರಿ, ಕಾಲಿಗೆ ಎಷ್ಟು ಬೇಕಾದರೂ ಹಚ್ಚಿರಿ ಎಂದು ಗೋಗರೆದೆ. ಕೊನೆಗೆ ನಾಲ್ಕು ಕಾಲಿಗೂ ಕುಂಕುಮ ಹಚ್ಚಿ, ಕಾಯಿಯನ್ನು ಹೊರಗೆ ಒಡೆದರು. ಒಡೆದ ಕಾಯಿಯ ನೀರು ವಾಟ ಹಿಡಿದು ಅಂಗಳದಾಚೆ ಹರಿಯಿತು. ಮಿಸ್ತ್ರಿ ಅದನ್ನೇ ನೋಡುತ್ತ ನಿಂತಿದ್ದರು.

ಅವರೆಲ್ಲ ಹೋದ ಮೇಲೆ ಚೆಂಡುಗಳನ್ನು ತೆಗೆದೆ. ಮೇಜನ್ನು ಪರೀಕ್ಷಿಸುವುದು ಜೋರಿನ ಹೊಡೆತದಿಂದಲ್ಲ. ಜೋರಾಗಿ ಹೋಗುವ ಚೆಂಡು ತಪ್ಪನ್ನು ಹಾರಿಕೊಂಡು ಹೋಗುತ್ತದೆ. ಬೆರಳಿನಿಂದ ಮೆಲ್ಲಗೆ ನೂಕಬೇಕು. ಉಸಿರು ಹೋಗುವಂತೆ ಉರುಳಿ ಉರುಳಿ ಅದು ನಿಲ್ಲುವ ಕೊನೆಯ ಗೇಣಿನಲ್ಲಿ ಕಲ್ಲು ನಿಜ ಹೇಳುತ್ತದೆ. ಸ್ಲೇಟಿನ ತುದಿಯಲ್ಲಿ ಚೆಂಡು ನೆಟ್ಟಗೆ ಹೋಗಿ ನೆಟ್ಟಗೆ ನಿಂತಿತು. ಗ್ರಾನೈಟಿನ ತುದಿಗೆ ನೂಕಿದೆ. ಎಡ ಮೂಲೆಯ ಹತ್ತಿರ ಹೋಗಿ ಇನ್ನೇನು ನಿಂತಿತು ಎನ್ನುವಾಗ, ಅದು ಯೋಚನೆ ಬದಲಿಸಿದವರ ಹಾಗೆ ತುಸು ತಿರುಗಿ ಕಿಂಡಿಯೊಳಗೆ ಇಳಿದುಹೋಯಿತು.

ಧೂಳಿರಬೇಕೆಂದು ಒರೆಸಿ ಮತ್ತೆ ನೂಕಿದೆ. ಇಳಿಯಿತು. ಬಲ ಮೂಲೆಗೆ ನೂಕಿದೆ. ಅಲ್ಲೂ ಇಳಿಯಿತು. ಕಿಂಡಿಯ ಬಳಿ ಅಂಟಿಸಿದ ಬಟ್ಟೆಯನ್ನು ಎಬ್ಬಿಸಿ, ಉಕ್ಕಿನ ನೇರಪಟ್ಟಿಯನ್ನು ಕಲ್ಲಿನ ಮೇಲೆ ಇಟ್ಟು, ಹಿಂದೆ ಟಾರ್ಚ್ ಹಿಡಿದು ನೋಡಿದೆ. ಕಲ್ಲಿನ ನಡುವೆ ಬೆಳಕಿಲ್ಲ. ಕಿಂಡಿಯಿಂದ ಒಂದು ಗೇಣು ದೂರದಲ್ಲಿ ಸಣ್ಣಗೆ ಶುರುವಾದ ಬೆಳಕಿನ ಎಳೆ ಕಿಂಡಿಯ ಬಾಯಿಗೆ ಬರುವಷ್ಟರಲ್ಲಿ ದಪ್ಪವಾಗಿತ್ತು. ಎರಡೂ ಮೂಲೆಯಲ್ಲಿ ಒಂದೇ ಹದ. ಇದು ಕೈತಪ್ಪಲ್ಲ, ಬೇಕೆಂದೇ ಮಾಡಿದ ಕೆಲಸ.

"ಮಿಸ್ತ್ರೇರ! ಇಲ್ಲಿ ಏನ ಮಾಡೀರಿ ಇದು?"

ಮಿಸ್ತ್ರಿ ಬಂದು ಬೆರಳಾಡಿಸಿದರು. ಮುಖದಲ್ಲಿ ಸಂತೋಷವೇ ಇತ್ತು. "ಗೊತ್ತಾತಲ್ಲ ನಿಮಗ? ವಾಟ ಕೊಟ್ಟೇನ್ರಿ. ತೂತ ಇದ್ದಲ್ಲಿ ವಾಟ ಬೇಕಲ್ಲ? ಅಚ್ಚು ನೋಡಿದ ಕೂಡ್ಲೆ ತಿಳೀತು ನನಗ, ಬಚ್ಚಲಕಲ್ಲಿಗೆ ಒಂದ ತೂತು, ಇದಕ್ಕ ಎರಡು. ಚೆಂಡ ಹೋಗಬೇಕಾದ್ದ ಅಲ್ಲೇ ಅಲ್ಲೇನು? ಪಾಲಿಶ್ ಚಕ್ಕರದಾಗ ಬರೂದಿಲ್ಲ ಅದು, ಇಡೀ ದಿನ ಕೈಲೇ ಉಜ್ಜೇನಿ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾನು ಮಾಡಿದ್ದು ಎರಡೂ ಅಲ್ಲ, ಕೂಗಾಡಿದೆ. ಮಟ್ಟಸ ಇರಲಿ ಅಂತ ಹೇಳಿರಲಿಲ್ಲವೇ ಎಂದೆ. ಮಟ್ಟಸವಾಗಿಯೇ ಇದೆ, ವಾಟ ಬೇರೆ, ಮಟ್ಟ ಬೇರೆ ಎಂದರು ಅವರು. ಅವರ ಲೆಕ್ಕದಲ್ಲಿ ಅದು ನಿಜವೂ ಹೌದು. ವಾಟ ಇರುವ ನೆಲವನ್ನು ನಮ್ಮ ಕಡೆ ಯಾರೂ ಮಟ್ಟವಿಲ್ಲದ ನೆಲ ಅನ್ನುವುದಿಲ್ಲ.

ಗದ್ದಲ ಕೇಳಿ ಸಾಹುಕಾರರು ಬಂದರು. ಎಲ್ಲ ಕೇಳಿಸಿಕೊಂಡು ಬಾಗಿಲು ಮುಂದೆ ಮಾಡಿದರು.

"ಎಷ್ಟ ಐತಿ ತಗ್ಗು? ಎರಡ ಕಾಗದದಷ್ಟ? ಇಬ್ಬರೂ ಆಡೂದು ಅದರ ಮ್ಯಾಲೇ ಅಲ್ಲೇನು? ಒಬ್ಬಗ ಬಿದ್ರ ಇನ್ನೊಬ್ಬಗೂ ಬೀಳತಾವ. ಸುಮ್ಮನ ಬಟ್ಟಿ ಮುಚ್ಚು."

"ನಿರ್ದೇಶಕ ನೋಡ್ತಾನ್ರಿ."

"ನೋಡಿದ್ರ ನೋಡ್ಲಿ. ನೋಡಲಿಲ್ಲಂದ್ರ? ನೀ ಬಿಚ್ಚಿ ಕೂತಿ ಅಂದ್ರ ಸಂಜೀಗೆ ಮೇಜ ಇಲ್ಲ. ಆಟ ಗೋವಾಕ್ಕ ಹೋಕ್ಕೈತಿ. ಬಿಚ್ಚಿದ್ರ ಹೋಗೂದು ಖರೆ, ಅವ ಹಿಡಿಯೂದು ಆಗಲೂಬಹುದು, ಬಿಡಲೂಬಹುದು."

ಅವರ ಮಾತಿನಲ್ಲಿ ಹುರುಳಿತ್ತು. ನಾನು ಮೇಜಿನ ಸುತ್ತ ಒಂದು ಸುತ್ತು ಬಂದೆ, ಇನ್ನೊಂದು ಬಂದೆ. ನನ್ನ ಹತ್ತಿರ ಇನ್ನೊಂದೇ ಒಂದು ಬಟ್ಟೆ ಇತ್ತು, ಫೈನಲಿಗೆ ಹೊದಿಸಲೆಂದು ತಂದದ್ದು. ಕಲ್ಲನ್ನು ಮತ್ತೆ ಪೂರ್ತಿ ಉಜ್ಜಿ ಮಟ್ಟಕ್ಕೆ ತರುವಷ್ಟು ಹೊತ್ತಿಲ್ಲ. ಹಾಗೆಯೇ ಬಿಟ್ಟರೆ, ಬಹುಶಃ ಸಂಜೆ ದಾಟೀತು. ಆದರೆ ಆಮೇಲೆ? ಫೈನಲಿನಲ್ಲಿ ಯಾವನೋ ಒಬ್ಬ ತಪ್ಪಾಗಿ ಹೊಡೆಯುತ್ತಾನೆ, ಚೆಂಡು ನಿಲ್ಲಬೇಕು, ನಿಲ್ಲದೆ ಇಳಿಯುತ್ತದೆ. ಅವನು ಚಾಂಪಿಯನ್ ಆಗುತ್ತಾನೆ. ಅವನನ್ನು ಮಾಡಿದ್ದು ಬಚ್ಚಲಕಲ್ಲು ಎಂದು ಜಗತ್ತಿನಲ್ಲಿ ನನಗೊಬ್ಬನಿಗೇ ಗೊತ್ತು. ಅಂಥ ಮೇಜು ನಿಲ್ಲಿಸುವುದಕ್ಕಾಗಿ ನಾನು ಇಷ್ಟು ಒದ್ದಾಡಿದ್ದಲ್ಲ.

ಪಾನಾ ತೆಗೆದುಕೊಂಡು ದಡದ ಬೋಲ್ಟುಗಳನ್ನು ಬಿಚ್ಚತೊಡಗಿದೆ. ಸಾಹುಕಾರರು ಏನೋ ಹೇಳಹೊರಟು, "ಮಾಡು ಹಂಗಾದ್ರ, ನಿನ್ನ ತಲಿ ಮ್ಯಾಲ," ಎಂದು ಹೊರಟುಹೋದರು.

ಬಟ್ಟೆ ಕೀಳುವಾಗ ಕಿಂಡಿಗಳ ಬಳಿ ಹರಿಯಿತು, ಅದು ಗೊತ್ತಿದ್ದದ್ದೇ. ಮೇಣ ಕೆರೆದು, ಸ್ಕ್ರೂ ತೆಗೆದು, ಕಾರ್ಖಾನೆಯ ಆಳುಗಳನ್ನು ಕರೆದು ಕಲ್ಲನ್ನು ಅಂಚಿನ ಮೇಲೆ ನಿಲ್ಲಿಸಿದಾಗಲೇ ನಾನು ಅದರ ಹಿಂಬದಿ ನೋಡಿದ್ದು. ಗರಗಸ ಕೊಯ್ದು ಬಿಟ್ಟ ಬರಿಯ ಒರಟು ಮುಖ. ಯಾರೂ ಉಜ್ಜಿಲ್ಲ, ಯಾರೂ ಪ್ರೀತಿ ತೋರಿಸಿಲ್ಲ. ನೇರಪಟ್ಟಿ ಇಟ್ಟು ಟಾರ್ಚ್ ಹಿಡಿದೆ. ಮೂಲೆ, ನಡು, ಅಂಚು, ಎಲ್ಲೂ ಬೆಳಕಿಲ್ಲ. ಗರಗಸಕ್ಕೆ ಬಚ್ಚಲು ಯಾವುದು, ಮೇಜು ಯಾವುದು ಗೊತ್ತಿರಲಿಲ್ಲ, ಪುಣ್ಯ.

ಮಗುಚಿಬಿಟ್ಟರಾಯಿತು! ಎರಡು ಮೂಲೆಯ ಕಿಂಡಿಗಳೂ ಸರಿಸಮ, ಎಡದ್ದು ಬಲಕ್ಕೆ ಹೋಗುತ್ತದೆ ಅಷ್ಟೇ. ಒರಟು ಮುಖವನ್ನು ಚೂರು ಉಜ್ಜಿದರೆ ಬಟ್ಟೆಗೆ ಸಾಕು. ಒಂದೇ ತೊಡಕು, ಸ್ಕ್ರೂ ತಲೆ ಕೂರುವ ತಗ್ಗುಗಳು ಇದ್ದದ್ದು ಹೊಳಪಿನ ಮುಖದಲ್ಲಿ. ಈಗ ಈ ಮುಖದಲ್ಲಿ ಅವನ್ನು ಮತ್ತೆ ಕೊರೆಯಬೇಕು, ಅದೂ ಒಂದಿಂಚಿನ ಕಲ್ಲಿನಲ್ಲಿ, ಅಂಚಿಗೆ ಹತ್ತಿರ. ಸೀಳಿದರೆ ಮುಗಿಯಿತು. ಅದನ್ನು ಮಾಡಬಲ್ಲ ಕೈ ಆ ಊರಿನಲ್ಲಿ ಮಿಸ್ತ್ರಿಯದೇ.

ಅವರು ಗೋಡೆಗೆ ಒರಗಿ ಕೂತಿದ್ದರು. ನಾನು ಹೇಳಿದ್ದನ್ನು ಕೇಳಿ ಎದ್ದು ನಿಂತರು.

"ಕನ್ನಡಿ ಹಂಗ ಮಾಡೇನ್ರಿ ನಾ. ಅದರ ಮಾರಿ ನೆಲಕ್ಕ ಮಾಡಿ ಡಬ್ಬ ಹಾಕ್ತೀರಿ? ನನ್ನ ಕೈಲೇ ಹಾಕಸ್ತೀರಿ? ನಾ ಮುಟ್ಟಂಗಿಲ್ಲ. ಬ್ಯಾರೆ ಯಾರ್ನರೆ ನೋಡ್ಕೋರಿ."

ಕೂಗಾಡಿ ಪ್ರಯೋಜನವಿಲ್ಲವೆಂದು ನನಗೂ ಅಷ್ಟು ಹೊತ್ತಿಗೆ ತಿಳಿದಿತ್ತು. ಅವರನ್ನು ಮೊದಲನೆಯ ಮೇಜಿನ ಹತ್ತಿರ ಕರೆದುಕೊಂಡು ಹೋದೆ. ಕೋಲು ಕೊಟ್ಟೆ, ಹಿಡಿಯುವ ರೀತಿ ತೋರಿಸಿದೆ. "ಆ ಹಳದಿ ಚೆಂಡನ್ನ ಆ ಮೂಲಿಗೆ ಹೊಡೀರಿ." ಅವರು ಹೊಡೆದರು. ತಪ್ಪಿತು. ಮತ್ತೆ ಇಟ್ಟುಕೊಟ್ಟೆ, ಮತ್ತೆ ತಪ್ಪಿತು. ರುಮಾಲು ಬಿಚ್ಚಿ ಪಕ್ಕಕ್ಕಿಟ್ಟರು. ಹೊರಗೆ ಕಾರ್ಖಾನೆಯ ಗರಗಸ ಕೂಗುತ್ತಿತ್ತು, ನನಗೆ ಒಂದೊಂದು ನಿಮಿಷವೂ ಚುಚ್ಚುತ್ತಿತ್ತು, ಆದರೂ ಬಾಯಿ ಬಿಗಿ ಹಿಡಿದಿದ್ದೆ. ಎಷ್ಟನೆಯ ಸಲಕ್ಕೋ ಚೆಂಡು ದಡ ಸವರಿಕೊಂಡು ಹೋಗಿ ಕಿಂಡಿಯೊಳಗೆ ಬಿತ್ತು. ಮಿಸ್ತ್ರಿ ಕೋಲು ಎತ್ತಿ ಹೋ ಎಂದರು.

"ಈಗ ಯಾರ ಬೀಳಿಸಿದ್ದು ಅದನ್ನ?" ಎಂದೆ.

"ನಾ ಬೀಳಿಸಿದೆ, ಮತ್ತ್ಯಾರು?"

"ಕಲ್ಲ ಬೀಳಿಸಿದ್ರ?"

ಅವರು ನನ್ನನ್ನು ನೋಡಿದರು, ಆ ಮೇಜಿನ ಮೂಲೆ ನೋಡಿದರು, ಅತ್ತ ಅಂಚಿನ ಮೇಲೆ ನಿಂತಿದ್ದ ತಮ್ಮ ಕಲ್ಲನ್ನು ನೋಡಿದರು.

"ಅಂದ್ರ ತೂತಿನ ಮುಂದ ಬಂದ್ರೂ ನಿಲ್ಲಬೇಕು ಅಂತೀರಿ."

"ಹೌದ್ರಿ. ಹೊಡದವನ ಕೈಯಾಗ ಕಸುವು ಇಲ್ಲಂದ್ರ ಬಾಯಿ ಮುಂದ ಬಂದ್ರೂ ನಿಲ್ಲಬೇಕು."

"ಇದನ್ನ ಮೊದಲs ಹೇಳಬಾರದೇನ್ರಿ ಮಾಸ್ತರ? ಮಟ್ಟಸ, ಮಟ್ಟಸ ಅಂದ್ರ ಏನ ತಿಳೀತೈತಿ?" ಎಂದು ನನ್ನನ್ನೇ ಬೈದು, ರುಮಾಲು ಸುತ್ತಿಕೊಂಡು ಉಳಿ ತರಲು ಹೋದರು.

ಕಲ್ಲನ್ನು ಗೋಣಿಚೀಲಗಳ ಮೇಲೆ ಮಗುಚಿ ಮಲಗಿಸಿದೆವು. ಯಂತ್ರದಿಂದ ಎರಡು ತಗ್ಗು ಕೊರೆಯುವಷ್ಟರಲ್ಲಿ ಕರೆಂಟ್ ಹೋಯಿತು. ಉಳಿದವನ್ನು ಮಿಸ್ತ್ರಿ ಉಳಿಯಿಂದಲೇ ತೆಗೆದರು. ಒಂದು ಪೆಟ್ಟು, ಉಳಿ ತುಸು ತಿರುಗಿಸುವುದು, ಇನ್ನೊಂದು ಪೆಟ್ಟು. ಪ್ರತಿ ಪೆಟ್ಟಿಗೂ ನನ್ನ ಹಲ್ಲು ಕಚ್ಚಿಕೊಳ್ಳುತ್ತಿತ್ತು. "ನೀವ ಒಂದೀಟ ಹೊರಗ ಹೋಗ್ರಿ, ನಿಮ್ಮ ನೆರಳ ಕುಣೀತೈತಿ," ಎಂದರು. ಹೊರಗೆ ಬಿಸಿಲಿನಲ್ಲಿ ನಿಂತೆ. ಪಕ್ಕದ ಓಣಿಯಿಂದ ಮಗ್ಗಗಳ ಸದ್ದು ಬರುತ್ತಿತ್ತು, ಒಳಗಿನಿಂದ ಉಳಿಯ ಸದ್ದು. ಒಮ್ಮೆ ಉಳಿಯ ಸದ್ದು ನಿಂತಿತು. ಓಡಿ ಒಳಗೆ ಬಂದೆ. ಕೊನೆಯ ತಗ್ಗಿನ ಅಂಚಿನಲ್ಲಿ ಉಗುರಿನಷ್ಟು ಚಕ್ಕೆ ಎದ್ದಿತ್ತು. ಬಿರುಕು ಮುಂದೆ ಹೋಗಿರಲಿಲ್ಲ. ಮಿಸ್ತ್ರಿ ಚಕ್ಕೆಯನ್ನು ಅಂಗೈಯಲ್ಲಿಟ್ಟುಕೊಂಡು ಬೆವರುತ್ತಿದ್ದರು. ಆ ಗುಳಿಗೆ ಮೇಣ ತುಂಬಿದೆ.

ನಿರ್ದೇಶಕನ ಜೀಪು ಅಂಗಳಕ್ಕೆ ಬಂದಾಗ ನಾನು ಕೊನೆಯ ಬೋಲ್ಟನ್ನು ಬಿಗಿಯುತ್ತಿದ್ದೆ. ಹೊಸ ಬಟ್ಟೆಯ ಮೇಲೆ ನಾನು ಚೆಂಡು ಉರುಳಿಸಿ ನೋಡಿಯೂ ಇರಲಿಲ್ಲ.

ಆತ ಮೊದಲನೆಯ ಮೇಜನ್ನು ಬೇಗ ಮುಗಿಸಿದ. ಎರಡನೆಯದಕ್ಕೆ ಬಂದು, ಸಣ್ಣ ಕಟ್ಟಿಗೆಯ ಇಳಿಜಾರೊಂದನ್ನು ಜೇಬಿನಿಂದ ತೆಗೆದು ಬಟ್ಟೆಯ ಮೇಲಿಟ್ಟು, ಅದರ ಮೇಲಿಂದ ಚೆಂಡು ಬಿಟ್ಟ. ಗ್ರಾನೈಟಿನ ತುದಿಗೆ ಹೋಯಿತು. ಮೂಲೆಯ ಹತ್ತಿರ ನಿಧಾನಿಸಿತು. ನಿಂತಿತು. ಇನ್ನೊಂದು ಬಿಟ್ಟ. ಅದೂ ನಿಂತಿತು. ನನ್ನ ಬೆನ್ನ ಹಿಂದೆ ಮಿಸ್ತ್ರಿ ಉಸಿರು ಬಿಟ್ಟದ್ದು ಕೇಳಿಸಿತು. ಆದರೆ ನಿರ್ದೇಶಕ ಅಲ್ಲಿಂದ ಕದಲಲಿಲ್ಲ. ಚೆಂಡನ್ನು ಬಟ್ಟೆಯ ಮೇಲೆ ಮೆಲ್ಲಗೆ ಕುಟ್ಟಿದ, ಮೇಜಿನ ನಡುವೆ ಹೋಗಿ ಅಲ್ಲೂ ಕುಟ್ಟಿದ, ಮತ್ತೆ ಬಂದ.

"ಈ ತುದಿಯ ದನಿ ಬೇರೆ ಇದೆ," ಎಂದ.

ಸಾಹುಕಾರರು ನನ್ನ ಕಡೆ ಕಣ್ಣು ಕೆಕ್ಕರಿಸಿದರು. ನಾನು ಎಲ್ಲವನ್ನೂ ಹೇಳಿದೆ. ಒಡೆದ ಸ್ಲೇಟು, ಕೆಂಪು ಕಲ್ಲು, ವಾಟ, ಮಗುಚಿದ್ದು. ವಾಟಕ್ಕೆ ಇಂಗ್ಲಿಷಿನ ಮಾತು ಹೊಳೆಯದೆ ಕೈಯಿಂದ ನೀರು ಹರಿಯುವುದನ್ನು ತೋರಿಸಿದೆ. ಆತ ನಗಲಿಲ್ಲ. ನನ್ನ ಟಾರ್ಚ್ ಇಸಿದುಕೊಂಡು, ಬಿಳಿ ಪ್ಯಾಂಟಿನಲ್ಲೇ ನೆಲಕ್ಕೆ ಕೂತು ಮೇಜಿನ ಕೆಳಗೆ ತೂರಿದ. ಬಹಳ ಹೊತ್ತು ಕಾಲು ಮಾತ್ರ ಕಾಣುತ್ತಿತ್ತು. ಆಮೇಲೆ ಕೆಳಗಿನಿಂದಲೇ ನಗುವಿನ ಸದ್ದು ಬಂತು. ಹೊರಗೆ ಬಂದು ಮಂಡಿ ಝಾಡಿಸಿಕೊಂಡ.

"ಕೆಳಗೆ ನನ್ನ ಗಡ್ಡ ಕಂಡಿತು. ಇಷ್ಟು ಚಂದದ ಕನ್ನಡಿಯನ್ನು ಯಾರೂ ನೋಡದ ಕಡೆ ಹಾಕಿದ್ದೀರಿ," ಎಂದ. ನಂತರ ಮುಖ ಬಿಗಿಮಾಡಿಕೊಂಡು ಹೇಳಿದ, "ಎಂಟೂ ಆಟಗಾರರಿಗೆ ನಾನು ಇದನ್ನು ತಿಳಿಸುತ್ತೇನೆ. ಆಡಲಿ. ಆದರೆ ಒಬ್ಬನೇ ಒಬ್ಬ ಈ ತುದಿಯ ಮೇಲೆ ದೂರು ಕೊಟ್ಟರೆ, ಅದು ಯಾವ ಹಂತವಾದರೂ ಸರಿ, ಆಟ ಅಲ್ಲಿಗೇ ನಿಲ್ಲುತ್ತದೆ. ಮುಂದಿನದು ಗೋವಾದಲ್ಲಿ."

ಆ ದಿನಗಳಲ್ಲಿ ನಾನು ಕೂತದ್ದೇ ನೆನಪಿಲ್ಲ. ಸಾಹುಕಾರರು ನನಗೆಂದು ಮುಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದರು. ಅದರಲ್ಲಿ ಹುನಗುಂದದ ವಕೀಲರೊಬ್ಬರು ಕೂತು ಆಟ ನೋಡಿದರು. ನಾನು ಕಂಬದ ಪಕ್ಕ ನಿಂತು ಗ್ರಾನೈಟಿನ ತುದಿಯೊಂದನ್ನೇ ನೋಡುತ್ತಿದ್ದೆ. ಯಾರು ಗೆದ್ದರು, ಯಾರು ಸೋತರು ಎಂಬುದು ಅರ್ಧ ತಲೆಗೆ ಹೋಗಲಿಲ್ಲ. ಯಾವ ಆಟಗಾರ ಆ ಮೂಲೆಗೆ ಬಗ್ಗಿ ನೋಡಿದರೂ ದೂರು ಬಂತೆಂದೇ ಎದೆ ಧಸಕ್ಕೆನ್ನುತ್ತಿತ್ತು. ಒಬ್ಬ ಅಲ್ಲಿ ಬಟ್ಟೆಯ ಮೇಲಿನ ಎಳೆಯನ್ನು ತೆಗೆದ, ಇನ್ನೊಬ್ಬ ಸುಮ್ಮನೆ ನೊಣ ಓಡಿಸಿದ. ಮಿಸ್ತ್ರಿ ಮಾತ್ರ ಇಸ್ತ್ರಿ ಮಾಡಿದ ಧೋತರ ಉಟ್ಟು, ನನ್ನ ಕಂಬದ ಬುಡದಲ್ಲಿ ನೆಲದ ಮೇಲೆ ಕೂತು, ಆಟದ ರೀತಿ ಪೂರ್ತಿ ಕಲಿತುಬಿಟ್ಟಿದ್ದರು. ಒಂದರಿಂದ ಒಂಬತ್ತರವರೆಗಿನ ಚೆಂಡುಗಳು, ಬಿಳಿ ಚೆಂಡು ಮೊದಲು ತಾಕಬೇಕಾದದ್ದು ಸಣ್ಣ ಅಂಕಿಗೆ, ಒಂಬತ್ತನ್ನು ಬೀಳಿಸಿದವನು ಆ ಸುತ್ತು ಗೆದ್ದ. ಪಕ್ಕದಲ್ಲಿ ಕೂತವರಿಗೆ ಅವರೇ ವಿವರಿಸುತ್ತಿದ್ದರು.

ಫೈನಲ್ ನಡೆದದ್ದು ಎರಡನೆಯ ಮೇಜಿನ ಮೇಲೆ. ದೀಪ ಅಲ್ಲಿ ಚೆನ್ನಾಗಿದೆ ಎಂದು ನಿರ್ದೇಶಕನೇ ಆರಿಸಿದ. ಫಿಲಿಪೈನ್ಸಿನವನಿಗೂ ಜರ್ಮನಿಯವನಿಗೂ ಆಟ ಸರಿಸಮವಾಗಿ ಬಂದು, ಕೊನೆಯ ಒಂದು ಸುತ್ತು ಉಳಿಯಿತು. ಫಿಲಿಪೈನ್ಸಿನವನು ಚೆಂಡುಗಳನ್ನು ಒಂದೊಂದಾಗಿ ತೆಗೆಯುತ್ತ ಬಂದು ಒಂಬತ್ತಕ್ಕೆ ನಿಂತ. ಅದು ಗ್ರಾನೈಟಿನ ಎಡ ಮೂಲೆಗೇ ಹೋಗಬೇಕಿತ್ತು. ಬಿಳಿ ಚೆಂಡು ಇಕ್ಕಟ್ಟಿನಲ್ಲಿತ್ತು, ಜೋರಾಗಿ ಹೊಡೆಯುವಂತಿಲ್ಲ. ಮೆಲ್ಲಗೆ ಹೊಡೆದ.

ಹಳದಿ ಪಟ್ಟೆಯ ಒಂಬತ್ತು ಉರುಳಿತು. ಸ್ಲೇಟು ದಾಟಿತು, ಸಂದಿ ದಾಟಿತು, ಗ್ರಾನೈಟಿಗೆ ಬಂತು. ಹಾಲಿನಲ್ಲಿ ಯಾರೂ ಕೆಮ್ಮಲಿಲ್ಲ. ನೆಟ್ಟಗೆ ಕಿಂಡಿಯ ಬಾಯಿಗೆ ಹೋಯಿತು, ಅಲ್ಲಿ ಒಮ್ಮೆ ತೂಗಿತು. ಮಿಸ್ತ್ರಿ ಇಡೀ ದಿನ ಉಜ್ಜಿದ್ದ ಜಾಗ ಅದೇ.

ನಿಂತಿತು.

ಫಿಲಿಪೈನ್ಸಿನವನು ಮೂಲೆಗೆ ನಡೆದು ಹೋದ. ಬಗ್ಗಿದ, ಚೆಂಡಿಗೂ ಕಿಂಡಿಗೂ ನಡುವಿನ ಬಟ್ಟೆಯ ಮೇಲೆ ಕಣ್ಣಿಟ್ಟು ನೋಡಿದ. ನಿರ್ದೇಶಕ ಕುರ್ಚಿಯಿಂದ ಎದ್ದ. ಈಗ ಆಟಗಾರ ದೂರಿಗೆ ಕೈ ಎತ್ತುತ್ತಾನೆ, ಈಗ ಎತ್ತುತ್ತಾನೆ ಎಂದು ನಾನು ಕಂಬವನ್ನು ಅವುಚಿಕೊಂಡೆ. ಅವನು ತುಟಿ ಮುಂದೆ ಮಾಡಿ ಚೆಂಡಿನ ಮೇಲೆ ಹುಸಿಯಾಗಿ ಉಫ್ ಎಂದು ಊದಿದಂತೆ ಮಾಡಿ, ತನ್ನ ಬಲಗೈಯ ಮೇಲೆ ತಾನೇ ಒಂದೇಟು ಹೊಡೆದುಕೊಂಡು, ನಗುತ್ತ ಹೋಗಿ ತನ್ನ ಜಾಗದಲ್ಲಿ ಕೂತ. ಜರ್ಮನಿಯವನು ಬಂದು ಒಂಬತ್ತನ್ನು ಕಿಂಡಿಗೆ ದೂಡಿದ. ಚಪ್ಪಾಳೆ ಬಿತ್ತು.

ಆ ಗದ್ದಲದಲ್ಲಿ ಕೆಳಗಿನಿಂದ ಯಾರೋ ನನ್ನ ಅಂಗಿ ಜಗ್ಗಿದರು. ಮಿಸ್ತ್ರಿ. ಕಣ್ಣು ಒದ್ದೆಯಾಗಿತ್ತು, ನೋಡುತ್ತಿದ್ದದ್ದು ಗೆದ್ದವನನ್ನಲ್ಲ, ಸೋತು ಕೂತವನನ್ನು.

"ಒಂದ ಕೂದಲೆಳಿ ವಾಟ ಇದ್ದಿದ್ರ ಬೀಳತಿತ್ರಿ ಮಾಸ್ತರ, ಪಾಪ," ಎಂದರು. ಆಮೇಲೆ ಸರಿದು, ನೆಲದ ಮೇಲೆ ನನಗೆ ಜಾಗ ಮಾಡಿಕೊಟ್ಟು ಅಂದರು, "ನಿಂತೈತಿ ನಮ್ಮ ಕಲ್ಲಿನ ಮ್ಯಾಲ. ಈಗರೆ ಕೂಡ್ರಿ ನೀವು."

ಕೂತೆ.